ಮರವೆಯ ರೋಗವೂ ಮನೆಮಾತೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಉಪನ್ಯಾಸ)



ಸಂಘದ ವಾರ್ಷಿಕೋತ್ಸವದಲ್ಲಿ ಕನ್ನಡ ಪಂಡಿತರೊಬ್ಬರನ್ನು ಮಾತಿಗೆ ನಿಲ್ಲಿಸಿದರೆ ಪಂಪನ ಮೇಲೋ ಕುಮಾರವ್ಯಾಸನ ಮೇಲೋ ನಾಲ್ಕು ಮಾತು ಬಂದೀತೆಂದು ಸಭೆಯು ನಿರೀಕ್ಷಿಸುವುದು ಸಹಜ. ಈ ಸಲ ಕಾರ್ಯದರ್ಶಿಗಳು ನಮಗೆ ಒಪ್ಪಿಸಿದ ವಿಷಯ ಬೇರೆ. ಮುಪ್ಪಿನಲ್ಲಿ ಬರುವ ಮರವೆಯ ರೋಗವನ್ನು, ಅದರಲ್ಲಿಯೂ ಆಲ್ಝೈಮರ್ ರೋಗವೆಂದು ಹೆಸರಾದುದನ್ನು, ಮನೆಮಂದಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕೆಂಬುದು ಅವರ ಅಪೇಕ್ಷೆ. ನಾವು ವೈದ್ಯರಲ್ಲ, ವ್ಯಾಕರಣ ಹೇಳಿಕೊಟ್ಟು ಹೊಟ್ಟೆ ಹೊರೆಯುವವರು. ಆದರೂ ಒಪ್ಪಿಕೊಂಡೆವು. ಏಕೆಂದರೆ ಈ ರೋಗವು ಮನುಷ್ಯನ ನೆನಪನ್ನು ಹಿಡಿಯುವಂತೆಯೇ ಅವನ ಮಾತನ್ನೂ ಹಿಡಿಯುತ್ತದೆ. ಅದೂ ಸಾಮಾನ್ಯವಾಗಿ ಕಡೆಗೆ ಕಲಿತ ಮಾತನ್ನು ಮೊದಲು, ತಾಯಿಯ ಮಡಿಲಲ್ಲಿ ಕಲಿತ ಮಾತನ್ನು ಕೊನೆಗೆ. ಮನೆಯಲ್ಲೊಂದು, ಶಾಲೆಯಲ್ಲೊಂದು, ಕಚೇರಿಯಲ್ಲಿ ಮತ್ತೊಂದು ಮಾತಾಡಿ ಬದುಕುವ ಕಾಸರಗೋಡಿನ ನಮಗೆ ಇದು ವೈದ್ಯರ ಪಾಲಿಗೆ ಬಿಟ್ಟು ಸುಮ್ಮನಿರತಕ್ಕ ಸಂಗತಿಯಲ್ಲ.

ನಮ್ಮಲ್ಲಿ 'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆಯುಂಟು. ಹಿರಿಯರೊಬ್ಬರು ಒಂದೇ ಮಾತನ್ನು ಮೂರು ಬಾರಿ ಕೇಳಿದರೆ ಮನೆಯವರು ಈ ಗಾದೆಯನ್ನು ಹೇಳಿ ನಕ್ಕು, ತಮ್ಮ ಕೆಲಸಕ್ಕೆ ಹೋಗುತ್ತಾರೆ. ಬೇಂದ್ರೆಯವರು ಇದೇ ನುಡಿಯನ್ನು ತಮ್ಮ ಕವನಗಳ ಸಂಪುಟಕ್ಕೆ ಹೆಸರಾಗಿ ಇಟ್ಟರು. ಆ ಸಂಪುಟಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಬುದ್ಧಿ ಮಂಕಾಗುವ ವಯಸ್ಸೆಂದು ಲೋಕ ಹೇಳುವ ಕಾಲದಲ್ಲಿ ಕವಿಗೆ ಆ ನುಡಿಯೊಳಗೆ ಮತ್ತೆ ಅರಳುವ ಅರ್ಥ ಹೊಳೆದಿತ್ತು. ಲೆಕ್ಕವೂ ಕವಿಯ ಕಡೆಗೇ ಇದೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಪ್ರಕಾರ 60 ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿ, ಎಂದರೆ ಸುಮಾರು 88 ಲಕ್ಷ ಜನ, ಡಿಮೆನ್ಶಿಯ ಎಂಬ ಅವಸ್ಥೆಯಲ್ಲಿದ್ದಾರೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಇದು ಹೆಚ್ಚು. ಸಂಖ್ಯೆ ದೊಡ್ಡದೇ, ಆದರೆ ನೂರರಲ್ಲಿ ಉಳಿದ ತೊಂಬತ್ತೆರಡು ಮಂದಿಗೆ ಅದಿಲ್ಲವೆಂಬುದನ್ನೂ ನೋಡಬೇಕು. ಎಲ್ಲರಿಗೂ ಬರುವುದು ಮುಪ್ಪು. ಕೆಲವರಿಗೆ ಮಾತ್ರ ಬರುವುದು ರೋಗ. ಗಾದೆಯು ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟಿದೆ. ಆದುದರಿಂದಲೇ ವೈದ್ಯರ ಬಳಿಗೆ ಹೋಗಬೇಕಾದ ಕಾಲದಲ್ಲಿ ನಾವು ನಕ್ಕು ಸುಮ್ಮನಾಗುತ್ತೇವೆ.

ಹೆಸರಿನ ವಿಷಯದಲ್ಲಿಯೂ ಒಂದು ಮಾತು. ಡಿಮೆನ್ಶಿಯ ಎಂಬುದಕ್ಕೆ ನಮ್ಮ ಪತ್ರಿಕೆಗಳು ಒಮ್ಮೊಮ್ಮೆ 'ಬುದ್ಧಿಮಾಂದ್ಯ' ಎಂದು ಬರೆಯುವುದುಂಟು. ಇದು ಸರಿಯಲ್ಲ. ಹುಟ್ಟಿನಿಂದ ಅಥವಾ ಎಳವೆಯಿಂದ ಬುದ್ಧಿಯ ಬೆಳವಣಿಗೆ ಕುಂಠಿತವಾದುದಕ್ಕೆ ಆ ಶಬ್ದವನ್ನು ಬಳಸಿ ರೂಢಿಯಾಗಿದೆ. ಬೆಳೆದು ತುಂಬಿದ ಬುದ್ಧಿಯು ರೋಗದಿಂದ ಕರಗುವುದು ಬೇರೆಯೇ ಸಂಗತಿ. ನೆರೆಯ ಮಲೆಯಾಳದವರು 'ಮರವಿರೋಗ'ವೆನ್ನುತ್ತಾರೆ. ನಮ್ಮ 'ಮರವೆ'ಯೂ ಅವರ 'ಮರವಿ'ಯೂ ಒಂದೇ ಬೇರಿನವು. ಮರವೆಯ ರೋಗವೆಂದರೆ ಗಡಿಯ ಎರಡು ಕಡೆಯವರಿಗೂ ತಿಳಿಯುತ್ತದೆ. ನಮಗೆ ಅಷ್ಟು ಸಾಕು. ಡಿಮೆನ್ಶಿಯ ಎಂಬುದು ಅವಸ್ಥೆಯ ಹೆಸರು. ಅದನ್ನು ಉಂಟುಮಾಡುವ ರೋಗಗಳು ಹಲವು. ಅವುಗಳಲ್ಲಿ ಆಲ್ಝೈಮರ್ ಹಿರಿಯದು. ಡಿಮೆನ್ಶಿಯ ಇರುವ ನೂರರಲ್ಲಿ ಅರುವತ್ತು ಎಪ್ಪತ್ತು ಮಂದಿಗೆ ಕಾರಣ ಅದೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆಲ್ಝೈಮರ್ ಎಂಬುದು ಒಬ್ಬ ವೈದ್ಯರ ಹೆಸರು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗುಸ್ಟೆ ಡೀಟರ್ ಎಂಬ 51 ವಯಸ್ಸಿನ ಗೃಹಿಣಿಯನ್ನು ಕರೆತಂದರು. ತನ್ನ ಹೆಸರನ್ನು ಬರೆಯಹೇಳಿದರೆ ಆಕೆ ಬರೆಯತೊಡಗಿ ನಡುವೆ ಮರೆತು ನಿಲ್ಲಿಸುತ್ತಿದ್ದಳು. ಆಲೋಯಿಸ್ ಆಲ್ಝೈಮರರು ಆಕೆಯೊಡನೆ ಆಡಿದ ಮಾತುಗಳನ್ನು, ಆಕೆ ಕೊಟ್ಟ ಉತ್ತರಗಳನ್ನು, ಶ್ರದ್ಧೆಯಿಂದ ಬರೆದಿಟ್ಟರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದೇ ವರ್ಷ ನವೆಂಬರದಲ್ಲಿ ಟ್ಯೂಬಿಂಗೆನ್ ನಗರದ ವೈದ್ಯರ ಸಭೆಯಲ್ಲಿ ತಾವು ಕಂಡುದನ್ನು ನಿರೂಪಿಸಿದರು. 1910ರಲ್ಲಿ ಕ್ರೆಪೆಲಿನ್ ಎಂಬ ಹಿರಿಯ ವೈದ್ಯರು ತಮ್ಮ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರರ ಹೆಸರನ್ನೇ ಇಟ್ಟರು. ಆ ರೋಗಿಯ ವಯಸ್ಸು ಕೇವಲ 51 ಆಗಿತ್ತೆಂಬುದನ್ನು ಗಮನಿಸಬೇಕು. ಇದು ಬರಿಯ ಮುಪ್ಪಿನ ದೋಷವಲ್ಲವೆಂಬುದಕ್ಕೆ ಮೊದಲ ಸಾಕ್ಷಿ ಆಕೆಯೇ.

ಮಿದುಳಿನೊಳಗೆ ನಡೆಯುವುದೇನು? ನರಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನು ಕೂಡಿಕೊಂಡು ಗಸಿಯಂತೆ ಕಟ್ಟುತ್ತದೆ. ಕೋಶಗಳ ಒಳಗೆ ಟೌ ಎಂಬ ಇನ್ನೊಂದು ಪ್ರೋಟೀನು ನೂಲು ಸಿಕ್ಕಾದಂತೆ ಸಿಕ್ಕಾಗುತ್ತದೆ. ಕೋಶಕ್ಕೂ ಕೋಶಕ್ಕೂ ಇದ್ದ ಸಂಪರ್ಕ ಕಡಿದು ಕೋಶಗಳು ಸಾಯುತ್ತವೆ. ಹೊರಗೆ ಮರವೆ ಕಾಣಿಸುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮುಂಚೆಯೇ ಇದು ಆರಂಭವಾಗಿರುತ್ತದೆ. ಹೊಸ ನೆನಪನ್ನು ಮೂಡಿಸುವ ಭಾಗಕ್ಕೆ ಮೊದಲಲ್ಲಿಯೇ ಪೆಟ್ಟು ಬೀಳುವುದರಿಂದ ಬೆಳಗ್ಗೆ ಉಂಡ ಗಂಜಿ ಮರೆತುಹೋಗುತ್ತದೆ. ಐವತ್ತು ವರ್ಷದ ಹಿಂದಿನ ಮದುವೆಯ ದಿಬ್ಬಣ ಕಣ್ಣಿಗೆ ಕಟ್ಟಿದಂತಿರುತ್ತದೆ. ಓಲೆಗರಿಯಲ್ಲಿ ಹಿಂದೆ ಕಂಠದಿಂದ ಕೊರೆದ ಅಕ್ಷರಗಳೆಲ್ಲ ಉಳಿದಿವೆ, ಇಂದು ಕೊರೆಯಹೋದರೆ ಗರಿ ಹಿಡಿಯುತ್ತಿಲ್ಲ. ಇದನ್ನು ಅರಿಯದ ಮನೆಯವರು, 'ಹಳೆಯದೆಲ್ಲ ನೆನಪಿದೆ, ನಿನ್ನೆ ಹೇಳಿದ್ದು ಮಾತ್ರ ನೆನಪಿಲ್ಲವಂತೆ, ಎಲ್ಲಾ ನಾಟಕ' ಎಂದು ಮುನಿಯುವುದನ್ನು ನಾವು ಎಷ್ಟೋ ಕಡೆ ಕೇಳಿದ್ದೇವೆ. ನಾಟಕವಲ್ಲ, ಅದೇ ರೋಗದ ಲಕ್ಷಣ.

ಸಾಮಾನ್ಯ ಮರವೆಗೂ ಇದಕ್ಕೂ ಭೇದವನ್ನು ಹೇಗೆ ತಿಳಿಯುವುದು? ಕನ್ನಡಕವನ್ನು ಎಲ್ಲಿಯೋ ಇಟ್ಟು ಹುಡುಕುವುದು ನಮ್ಮೆಲ್ಲರಿಗೂ ಉಂಟು. ನಮಗಂತೂ ಹಾಜರಿ ಪುಸ್ತಕವನ್ನು ಹುಡುಕುವುದೇ ಅರ್ಧ ಕೆಲಸ. ಆದರೆ ನಲುವತ್ತು ವರ್ಷ ತಾನೇ ಅಗೆದು ನೀರು ಹಾಯಿಸಿದ ತೋಟದಿಂದ ಮನೆಗೆ ಬರುವ ದಾರಿ ತಪ್ಪಿದರೆ, ಪ್ರತಿವರ್ಷ ನೂರಾರು ಹಲಸಿನ ಹಪ್ಪಳ ಮಾಡಿ ಒಣಗಿಸಿದ ಅಜ್ಜಿಗೆ ಬೇಯಿಸುವುದು ಮೊದಲೋ ರುಬ್ಬುವುದು ಮೊದಲೋ ಎಂದು ಗೊಂದಲವಾದರೆ, ಅಡಿಕೆಯ ಲೆಕ್ಕವನ್ನು ಬಾಯಲ್ಲಿಯೇ ಹೇಳುತ್ತಿದ್ದ ಯಜಮಾನರು ಅಂಗಡಿಯಲ್ಲಿ ಚಿಲ್ಲರೆಯನ್ನು ಕೈಯಲ್ಲಿ ಹಿಡಿದು ಮಂಕಾಗಿ ನಿಂತರೆ, ಆಗ ಎಚ್ಚರಗೊಳ್ಳಬೇಕು. ಸ್ವಭಾವ ತಟ್ಟನೆ ಬದಲಾಗುವುದೂ, ಜನರ ನಡುವೆ ಬೆರೆಯುತ್ತಿದ್ದವರು ಮೂಲೆ ಹಿಡಿಯುವುದೂ ಒಮ್ಮೊಮ್ಮೆ ಮುನ್ಸೂಚನೆಯೇ.

ಎಚ್ಚರಗೊಂಡು ವೈದ್ಯರ ಬಳಿಗೆ ಹೋಗಬೇಕೆನ್ನುವುದಕ್ಕೆ ಇನ್ನೊಂದು ಬಲವಾದ ಕಾರಣವಿದೆ. ಮರವೆಯೆಲ್ಲವೂ ಆಲ್ಝೈಮರ್ ಅಲ್ಲ. ಥೈರಾಯ್ಡ್ ಗ್ರಂಥಿಯ ರಸ ಕಡಿಮೆಯಾದರೆ ಮರವೆ ಬರುತ್ತದೆ. ಬಿ 12 ಎಂಬ ಜೀವಸತ್ವದ ಕೊರತೆಯಿಂದ ಬರುತ್ತದೆ. ಸಸ್ಯಾಹಾರದ ಮನೆಗಳಲ್ಲಿ ಈ ಕೊರತೆ ಹೆಚ್ಚಾಗಿ ಕಾಣುವುದರಿಂದ ನಮ್ಮವರು ಇದನ್ನು ಲಘುವಾಗಿ ಎಣಿಸಬಾರದು. ಮನಸ್ಸಿನ ಖಿನ್ನತೆಯಿಂದ ಬರುತ್ತದೆ. ಜಾರಿ ಬಿದ್ದು ತಲೆಯೊಳಗೆ ನಿಧಾನವಾಗಿ ರಕ್ತ ಕೂಡಿಕೊಂಡುದರಿಂದ, ಕೆಲವು ಮಾತ್ರೆಗಳ ದೆಸೆಯಿಂದಲೂ ಬರುತ್ತದೆ. ಇವುಗಳಿಗೆ ಚಿಕಿತ್ಸೆಯುಂಟು. ರಕ್ತಪರೀಕ್ಷೆಯಿಂದಲೂ ತಲೆಯ ಸ್ಕ್ಯಾನಿನಿಂದಲೂ ತಿಳಿಯತಕ್ಕದ್ದನ್ನು 'ವಯಸ್ಸಾಯಿತು' ಎಂಬ ಒಂದು ಮಾತಿನಿಂದ ಮುಚ್ಚಿಬಿಡುವುದು ಅನ್ಯಾಯ.

ಆಲ್ಝೈಮರ್ ಎಂದೇ ನಿರ್ಧಾರವಾದರೆ ಅದನ್ನು ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಮೊದಲಾದ ಔಷಧಗಳು ಕೆಲವರಿಗೆ ಕೆಲವು ಕಾಲ ಆಸರೆಯಾಗುತ್ತವೆ. ಅಮಿಲಾಯ್ಡನ್ನು ತೊಡೆಯುವ ಲೆಕಾನೆಮಾಬ್ ಎಂಬ ಮದ್ದಿಗೆ ಅಮೆರಿಕೆಯಲ್ಲಿ 2023ರಲ್ಲಿ ಪೂರ್ಣ ಒಪ್ಪಿಗೆಯೂ, ಡೊನಾನೆಮಾಬ್ ಎಂಬುದಕ್ಕೆ 2024ರಲ್ಲಿ ಒಪ್ಪಿಗೆಯೂ ದೊರೆತಿವೆ. ಅವು ರೋಗದ ನಡಿಗೆಯನ್ನು ಸ್ವಲ್ಪ ತಡೆಯುತ್ತವೆಯೇ ಹೊರತು ಹೋದುದನ್ನು ಮರಳಿ ತರಲಾರವು. ರೋಗದ ಮೊದಲ ಹಂತದವರಿಗೆ ಮಾತ್ರ ಸಲ್ಲುತ್ತವೆ. ಮಿದುಳಿನಲ್ಲಿ ಬಾವು, ರಕ್ತಸ್ರಾವ ಆಗುವ ಭಯವಿರುವುದರಿಂದ ಮೇಲಿಂದ ಮೇಲೆ ಪರೀಕ್ಷೆ ಬೇಕು. ಪತ್ರಿಕೆಯ ಮೂಲೆಯಲ್ಲಿ ಬರುವ 'ಮರವೆಗೆ ರಾಮಬಾಣ' ಎಂಬ ಜಾಹೀರಾತುಗಳನ್ನು ನಂಬಿ ಹಣ ಕಳೆಯಬೇಡಿರಿ. ಅಂತೆಯೇ, ರಾತ್ರಿ ಗಲಾಟೆ ಮಾಡುತ್ತಾರೆಂದು ಮಂಪರು ತರಿಸುವ ಮಾತ್ರೆಗಳನ್ನು ವೈದ್ಯರ ಅಪ್ಪಣೆಯಿಲ್ಲದೆ ಕೊಡುವುದೂ ಸಲ್ಲದು. ಮತಿಭ್ರಮಣೆಗೆಂದು ಕೊಡುವ ಕೆಲವು ಮದ್ದುಗಳು ಈ ರೋಗದ ವೃದ್ಧರಲ್ಲಿ ಪಾರ್ಶ್ವವಾಯುವಿನ ಅಪಾಯವನ್ನೂ ಸಾವಿನ ಅಪಾಯವನ್ನೂ ಹೆಚ್ಚಿಸುತ್ತವೆಂದು ಕಂಡುಬಂದಿದೆ.

ಈಗ ನಮ್ಮ ಸ್ವಂತ ವಿಷಯಕ್ಕೆ, ಎಂದರೆ ಮಾತಿನ ವಿಷಯಕ್ಕೆ ಬರುತ್ತೇವೆ.

ಹೊಸ ನೆನಪು ಮೊದಲು ಅಳಿದು ಹಳೆಯದು ಕೊನೆಯವರೆಗೆ ನಿಲ್ಲುತ್ತದೆಂಬುದನ್ನು ರಿಬೋ ಎಂಬ ಫ್ರೆಂಚ್ ಪಂಡಿತರು 1881ರಲ್ಲಿಯೇ ಒಂದು ನಿಯಮವಾಗಿ ಬರೆದಿದ್ದರು. ಈ ನಿಯಮವನ್ನು ನಮ್ಮ ಊರಿನ ಒಬ್ಬ ಅಜ್ಜಿಗೆ ಅನ್ವಯಿಸಿ ನೋಡಿರಿ. ಆಕೆಯ ಮನೆಮಾತು ತುಳುವೋ, ಹವ್ಯಕವೋ, ಕೊಂಕಣಿಯೋ ಆಗಿರುತ್ತದೆ. ಶಾಲೆಯಲ್ಲಿ ಐದನೆಯ ತರಗತಿಯ ತನಕ ಕಲಿತುದು ಕನ್ನಡ. 1956ರ ನವೆಂಬರ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ಮೇಲೆ ರೇಶನ್ ಅಂಗಡಿಗೆ, ಕಚೇರಿಗೆ, ಆಸ್ಪತ್ರೆಗೆ ಬೇಕಾದಷ್ಟು ಮಲೆಯಾಳವನ್ನು ಕಿವಿಯಿಂದಲೇ ಕಲಿತಳು. ಮರವೆಯ ರೋಗ ಬಂದಾಗ ಈ ಕಟ್ಟಡವು ಮೇಲಿನಿಂದ ಕೆಳಕ್ಕೆ ಕಳಚುತ್ತದೆ. ಮೊದಲು ಮಲೆಯಾಳ ಹೋಗುತ್ತದೆ. ಆಮೇಲೆ ಶಾಲೆಯ ಕನ್ನಡ ತೊದಲುತ್ತದೆ. ಕಡೆಗೆ ತವರುಮನೆಯ ಅಡುಗೆಕೋಣೆಯಲ್ಲಿ ಕೇಳಿದ ಮಾತು ಮಾತ್ರ ಉಳಿಯುತ್ತದೆ. ಎಲ್ಲರಲ್ಲಿಯೂ ಇದು ಒಂದೇ ಕ್ರಮದಲ್ಲಿ ನಡೆಯುವುದೆಂದು ನಾವು ಹೇಳುವುದಿಲ್ಲ. ಯಾವ ಮಾತನ್ನು ಬಾಳಿನಲ್ಲಿ ಹೆಚ್ಚಾಗಿ ಆಡಿದರೋ ಅದಕ್ಕೂ ಬಲವುಂಟು. ಆದರೂ ಬಹುಭಾಷೆಯ ಮನೆಗಳಲ್ಲಿ ಕಾಣುವ ಸಾಮಾನ್ಯ ದಾರಿ ಇದು.

ನಮ್ಮ ಸೋದರತ್ತೆಯವರಿಗೆ ಈ ರೋಗವಿತ್ತು. ಅವರ ಮನೆಮಾತು ತುಳು. ಒಂದು ಮಳೆಗಾಲ ಅಂಗಳದಲ್ಲಿ ಜಾರಿ ಸೊಂಟದ ಎಲುಬು ಮುರಿಯಿತು. ದೂರದ ಒಂದು ಆಸ್ಪತ್ರೆಗೆ ಸೇರಿಸಬೇಕಾಗಿ ಬಂತು. ಅದರ ಹೆಸರು ಇಲ್ಲಿ ಬೇಡ. ತೀವ್ರ ನಿಗಾದ ಕೋಣೆಗೆ ಮನೆಯವರನ್ನು ಬಿಡುವ ಕ್ರಮ ಅಲ್ಲಿರಲಿಲ್ಲ. ಎರಡು ರಾತ್ರಿ ಅತ್ತೆಯವರು 'ಬೇನೆ, ಬೇನೆ' ಎಂದು ಕೂಗಿಕೊಂಡರು. ಬೇನೆಯೆಂದರೆ ನಮಗೆ ಕನ್ನಡದಲ್ಲಿಯೂ ತುಳುವಿನಲ್ಲಿಯೂ ನೋವು. ಮಲೆಯಾಳದಲ್ಲಿ ಅದಕ್ಕೆ 'ವೇದನ' ಎನ್ನುತ್ತಾರೆ. ದಕ್ಷಿಣದ ಜಿಲ್ಲೆಯಿಂದ ಬಂದಿದ್ದ ಆ ನರ್ಸಮ್ಮ ಒಳ್ಳೆಯ ಹೆಂಗಸೇ. ಅಜ್ಜಿಯು 'ಬೆನ್ನಿ' ಎಂಬ ಮಗನನ್ನು ಕರೆಯುತ್ತಿದ್ದಾಳೆಂದು ತಿಳಿದು, 'ಬೆನ್ನಿ ಬೆಳಗ್ಗೆ ಬರುತ್ತಾನೆ' ಎಂದು ಮಲೆಯಾಳದಲ್ಲಿ ಸಮಾಧಾನ ಹೇಳಿದಳಂತೆ. ಕೂಗು ನಿಲ್ಲದೆ ಹೋದಾಗ ಕೈಗಳನ್ನು ಮಂಚಕ್ಕೆ ಕಟ್ಟಿದರು. ಮೂರನೆಯ ದಿನ ನೆಲ ಒರೆಸಲು ಬಂದ, ಉಪ್ಪಳದ ಕಡೆಯ ಹೆಂಗಸೊಬ್ಬಳು ಬಳಿಗೆ ಹೋಗಿ 'ಬೇನೆ ಉಂಡಾ?' ಎಂದು ಕೇಳಿದಳು. ಅತ್ತೆಯವರು ಅಳುವುದನ್ನು ನಿಲ್ಲಿಸಿ, ತಲೆಯಾಡಿಸಿ, ಕಟ್ಟಿದ ಕೈಯ ಬೆರಳಿನಿಂದಲೇ ಸೊಂಟವನ್ನು ತೋರಿಸಿದರು. ನೋವಿನ ಮದ್ದು ಕೊಟ್ಟ ಮೇಲೆ ಅವರು ಮಧ್ಯಾಹ್ನದವರೆಗೆ ನಿದ್ದೆ ಮಾಡಿದರು.

ಭಾಷೆಯ ಪ್ರಶ್ನೆಯನ್ನು ನಾವು ಈ ವೇದಿಕೆಯಲ್ಲಿ ಎಷ್ಟೋ ಬಾರಿ ಎತ್ತಿದ್ದೇವೆ: ಶಾಲೆಯ ಭಾಷೆ, ಕಚೇರಿಯ ಅರ್ಜಿಯ ಭಾಷೆ, ದಾರಿಯ ಫಲಕದ ಭಾಷೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿರುವವರ ಭಾಷೆಯನ್ನು ಯಾರೂ ಎತ್ತಿದಂತೆ ನಮಗೆ ನೆನಪಿಲ್ಲ. ಎರಡು ಭಾಷೆ ಬಲ್ಲ ಯುವಕನು ಹೇಗಾದರೂ ನಿಭಾಯಿಸಿಕೊಳ್ಳುತ್ತಾನೆ. ಇವರು ನಿಭಾಯಿಸಿಕೊಳ್ಳಲಾರರು. ಕಲಿತ ಭಾಷೆಗಳು ಅವರ ಕೈಬಿಟ್ಟಿವೆ.

ರೋಗವನ್ನು ಅಳೆಯುವಾಗಲೂ ಇದೇ ತೊಡಕು. ಇಂದು ಯಾವ ವಾರ, ಇದು ಯಾವ ಊರು, ನೂರರಿಂದ ಏಳನ್ನು ಕಳೆಯುತ್ತ ಹೋಗಿ ಎಂಬಂಥ ಪ್ರಶ್ನೆಗಳಿಂದ ವೈದ್ಯರು ನೆನಪನ್ನು ಪರೀಕ್ಷಿಸುತ್ತಾರೆ. ತಿಳಿಯದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬಾರದಿದ್ದರೆ ಅದು ಮರವೆಯ ಲೆಕ್ಕಕ್ಕೆ ಹೋಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲೆಯಾಳ ಎಂಬ ಐದು ಭಾಷೆಗಳಲ್ಲಿ ಇಂಥ ಪರೀಕ್ಷೆಗಳು ಸಿದ್ಧವಾಗಿವೆ. ನಮ್ಮ ಎರಡು ಭಾಷೆಗಳೂ ಅದರಲ್ಲಿ ಇವೆ. ಆದುದರಿಂದ ಮಂಗಳೂರಿಗೆ ಹೋದರೂ ದಕ್ಷಿಣಕ್ಕೆ ಹೋದರೂ, 'ಇವರನ್ನು ಕನ್ನಡದಲ್ಲಿ ಪರೀಕ್ಷಿಸಿರಿ' ಎಂದು ಕೇಳುವುದು ಹಟವಲ್ಲ, ರೋಗನಿರ್ಣಯಕ್ಕೆ ಅಗತ್ಯವಾದ ಮಾತು. ತುಳು ಆ ಐದರಲ್ಲಿಲ್ಲ. ಅಂಥ ಮನೆಯವರು ಪರೀಕ್ಷೆಯ ಹೊತ್ತಿಗೆ ದುಭಾಷಿಯಾಗಿ ಜೊತೆಯಲ್ಲಿ ಕುಳಿತಿರಬೇಕು. ಉತ್ತರವನ್ನು ತಾವೇ ಹೇಳಿಕೊಡಬಾರದು. ಪರೀಕ್ಷಾ ಮೇಲ್ವಿಚಾರಣೆ ಮಾಡಿ ಬಲ್ಲವರಾದುದರಿಂದ ಈ ಎಚ್ಚರಿಕೆಯನ್ನು ಹೇಳುತ್ತಿದ್ದೇವೆ.

ಬಹುಭಾಷೆಯು ಬರಿಯ ತೊಡಕೆಂದು ತಿಳಿಯಬಾರದು. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿಯವರೂ ಅವರ ಸಂಗಡಿಗರೂ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಶಿಯದ ಲಕ್ಷಣಗಳು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತೋರಿದುವೆಂದು ಕಂಡಿತು. ಓದು ಬರಹ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡುಬಂತು. ಎಲ್ಲ ದೇಶಗಳ ಅಧ್ಯಯನಗಳೂ ಇದನ್ನು ಒಂದೇ ಕಂಠದಿಂದ ಹೇಳುವುದಿಲ್ಲ. ಆದರೂ ಮಲೆಯಾಳ ಕಲಿಯಬೇಕಾಯಿತೆಂದು ಗೊಣಗುವ ನಮ್ಮ ಕೆಲವು ಹಿರಿಯರು ಈ ಅಂಶವನ್ನು ಒಮ್ಮೆ ಯೋಚಿಸಬಹುದು.

ತಡೆಗಟ್ಟುವ ದಾರಿಗಳಿವೆಯೇ ಎಂದರೆ, ಪೂರ್ತಿ ತಡೆಯುವ ದಾರಿಯಿಲ್ಲ. 2024ರ ಲ್ಯಾನ್ಸೆಟ್ ಆಯೋಗವು ಬದಲಾಯಿಸಬಹುದಾದ 14 ಕಾರಣಗಳನ್ನು ಹೆಸರಿಸಿ, ಅವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯದಲ್ಲಿ ಸುಮಾರು 45 ಶೇಕಡವನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದಿತು. ರಕ್ತದೊತ್ತಡ, ಸಿಹಿಮೂತ್ರ, ಹೊಗೆಬತ್ತಿ, ತಲೆಗೆ ಪೆಟ್ಟು ಮೊದಲಾದುವು ನೀವು ಬಲ್ಲವೇ. ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು, ಒಂಟಿತನ ಇವೂ ಆ ಪಟ್ಟಿಯಲ್ಲಿವೆ. ಅಜ್ಜನಿಗೆ ಕಿವಿಯಂತ್ರ ಕೊಡಿಸುವುದನ್ನು 'ಇನ್ನು ಎಷ್ಟು ಕಾಲಕ್ಕೆ' ಎಂದು ಮುಂದೂಡುವ ಮನೆಗಳು ನಮ್ಮಲ್ಲಿ ಬಹಳ. ಎಳವೆಯಲ್ಲಿ ಶಾಲೆಯ ಕಲಿಕೆ ಸಾಲದಿರುವುದೂ ಅಲ್ಲಿ ಹೇಳಿದ ಒಂದು ಕಾರಣ. ನಮ್ಮ ಕೆಲಸದ ಫಲ ಅರುವತ್ತು ವರ್ಷದ ಮೇಲೆ ಕಾಣುವುದೆಂದು ತಿಳಿದು ಉಪಾಧ್ಯಾಯರಾದ ನಾವು ಸ್ವಲ್ಪ ಬೀಗಬಹುದಷ್ಟೆ.

ಮನೆಯಲ್ಲಿ ನೋಡಿಕೊಳ್ಳುವ ಬಗೆಯನ್ನು ಕುರಿತು ತಾಯಂದಿರು ಹೆಚ್ಚು ಕೇಳಬಯಸುತ್ತೀರಿ. ಮೊದಲನೆಯದಾಗಿ, ಪರೀಕ್ಷೆ ಮಾಡಬೇಡಿರಿ. ಊರಿಂದ ಬಂದ ನೆಂಟರೆಲ್ಲ ಮಂಚದ ಮುಂದೆ ನಿಂತು 'ನಾನು ಯಾರು ಹೇಳಿ ನೋಡುವ' ಎನ್ನುವುದು ನಮ್ಮಲ್ಲಿ ಒಂದು ಕೆಟ್ಟ ವಾಡಿಕೆ. ತಿಳಿಯದವರಿಗೆ ಅದು ಪ್ರತಿಸಲವೂ ಅವಮಾನ. 'ದೊಡ್ಡಪ್ಪ, ನಾನು ನಿಮ್ಮ ತಮ್ಮನ ಮಗಳು ಸರೋಜ, ಬದಿಯಡ್ಕದಿಂದ ಬಂದೆ' ಎಂದು ತಾವಾಗಿ ಹೇಳಿ ಕೈ ಹಿಡಿದರೆ ಸಾಕು. ಎರಡನೆಯ ಮಾತು, ವಾದ ಬೇಡ. ತಾಯಿ ತೀರಿಹೋಗಿ ಐವತ್ತು ವರ್ಷವಾದ ಅಜ್ಜಿ 'ಅಮ್ಮ ಎಲ್ಲಿ?' ಎಂದು ಕೇಳಿದಾಗ 'ಸತ್ತುಹೋದರಲ್ಲ' ಎಂದರೆ ಆಕೆಗೆ ಅದು ಆ ಕ್ಷಣವೇ ಬಂದ ಮರಣವಾರ್ತೆ. ಹತ್ತು ಬಾರಿ ಕೇಳಿದರೆ ಹತ್ತು ಮರಣ. ತಾಯಿಯ ವಿಷಯ ಕೇಳಿರಿ, ಆಕೆ ಏನು ಅಡುಗೆ ಮಾಡುತ್ತಿದ್ದಳೆಂದು ಕೇಳಿರಿ. ಕಳವಳ ಬೇರೆ ಕಡೆಗೆ ತಿರುಗುತ್ತದೆ. ಸುಳ್ಳು ಹೇಳುವ ಅಗತ್ಯ ಬಹಳ ಸಲ ಬೀಳುವುದಿಲ್ಲ.

'ಸೊಸೆ ನನ್ನ ಬಳೆ ಕದ್ದಳು' ಎಂಬ ದೂರು ಈ ರೋಗದ ಮನೆಗಳಲ್ಲೆಲ್ಲ ಕೇಳಿಬರುತ್ತದೆ. ಬಳೆಯನ್ನು ತಾವೇ ಅಕ್ಕಿಯ ಡಬ್ಬಿಯಲ್ಲಿ ಇಟ್ಟು ಮರೆತಿರುತ್ತಾರೆ. ಮರೆತುದೂ ಮರೆತಿರುವುದರಿಂದ ಕಳ್ಳತನವೊಂದೇ ಅವರಿಗೆ ತೋರುವ ಸಮಾಧಾನ. ಇದನ್ನು ನಂಬಿ ಹೆಣ್ಣುಮಕ್ಕಳು ಅತ್ತಿಗೆಯ ಮೇಲೆ ಮುನಿದು ಸಂಬಂಧ ಕಡಿದ ಪ್ರಸಂಗಗಳು ಉಂಟು. ದೂರದಲ್ಲಿರುವ ಮಕ್ಕಳೇ, ಫೋನಿನಲ್ಲಿ ಕೇಳಿದ ಮಾತಿಗೆ ತೀರ್ಪು ಕೊಡುವ ಮೊದಲು ಹತ್ತು ದಿನ ಬಂದು ಮನೆಯಲ್ಲಿದ್ದು ನೋಡಿರಿ.

ಸಂಜೆಯಾಗುತ್ತಲೇ ಕಳವಳ ಹೆಚ್ಚುವುದು, 'ಮನೆಗೆ ಹೋಗಬೇಕು' ಎಂದು ಇದ್ದ ಮನೆಯಿಂದಲೇ ಹೊರಡುವುದು ಸಾಮಾನ್ಯ. ಹೊತ್ತು ಮುಳುಗುವ ಮೊದಲೇ ದೀಪ ಹಾಕಿರಿ. ನೆರಳುಗಳು ಅವರನ್ನು ಹೆದರಿಸುತ್ತವೆ. ನಮ್ಮ ಕಡೆಯ ಮನೆಗಳಲ್ಲಿ ಬಾವಿ, ಕೆರೆ, ತೋಟದ ಕಣಿ ಎಲ್ಲವೂ ಅಂಗಳದಾಚೆಗೇ ಇರುವುದರಿಂದ ಬಾವಿಗೆ ಕಟ್ಟೆಯೂ ಬಲೆಯೂ ಇರಲೇಬೇಕು. ಅಂಗಿಯ ಒಳಗೆ ಹೆಸರನ್ನೂ ಮನೆಯ ಫೋನ್ ಸಂಖ್ಯೆಯನ್ನೂ ಹೊಲಿದಿಡಿರಿ. ರೋಗವನ್ನು ಗುಟ್ಟು ಮಾಡದೆ ನೆರೆಮನೆಗೂ ಬಸ್ಸು ನಿಲ್ಲುವಲ್ಲಿಯ ಅಂಗಡಿಯವರಿಗೂ ತಿಳಿಸಿರಿ. ದಾರಿತಪ್ಪಿದವರನ್ನು ಮೊದಲು ಕಾಣುವವರು ಅವರೇ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಎಂಬ ಕನ್ನಡ ಚಿತ್ರದಲ್ಲಿ ಕಾಣೆಯಾದ ತಂದೆಯನ್ನು ಮಗನು ಹುಡುಕುವ ಕಥೆಯಿದೆ. ಮಲೆಯಾಳದಲ್ಲಿ 2005ರ 'ತನ್ಮಾತ್ರ' ಈ ರೋಗವನ್ನೇ ಕುರಿತದ್ದು. ಚಿತ್ರ ನೋಡುವ ಅಭ್ಯಾಸವಿರುವವರು ಎರಡನ್ನೂ ಮನೆಮಂದಿಯೆಲ್ಲ ಕುಳಿತು ನೋಡಬಹುದು.

ನೆನಪು ಹೋದರೂ ಕೈಯ ಅಭ್ಯಾಸ ಬಹುಕಾಲ ಉಳಿಯುತ್ತದೆ. ಇಂದಿನ ವಾರ ಹೇಳಲಾರದ ಅಜ್ಜಿಯ ಬೆರಳು ಮಲ್ಲಿಗೆ ಕಟ್ಟುವುದನ್ನು ಮರೆತಿರುವುದಿಲ್ಲ. ಮಗನ ಹೆಸರು ಮರೆತವರು ಒಣಗಿದ ಅಡಿಕೆಯನ್ನು ಆರಿಸಿ ಬೇರೆ ಮಾಡುತ್ತಾರೆ. ಅದು ವ್ಯಾಪಾರಕ್ಕೆ ಆಗುವಂತಿರಬೇಕಾಗಿಲ್ಲ. ಹಾಡಿನ ನೆನಪೂ ಹಾಗೆಯೇ. ಪಾರ್ತಿಸುಬ್ಬನ ಸೀಮೆಯವರಾದ ನಮಗೆ ಚೆಂಡೆ ಮದ್ದಳೆಗಳ ಸದ್ದು ರಕ್ತದಲ್ಲಿದೆ. ತಾಳಮದ್ದಳೆಯ ಧ್ವನಿಮುದ್ರಿಕೆಯನ್ನು ಹಾಕಿದಾಗ, ತಿಂಗಳಿಂದ ಮಾತಾಡದ ಹಿರಿಯರೊಬ್ಬರು ಮೊಣಕಾಲಿನ ಮೇಲೆ ತಾಳ ಹಾಕಿ, ಭಾಗವತರಿಗಿಂತ ಮೊದಲೇ ಪದ ಎತ್ತಿದುದನ್ನು ನಾವು ಕಂಡಿದ್ದೇವೆ. ಸಂಜೆಯ ಭಜನೆಯೂ ಕಳವಳಕ್ಕೆ ಒಳ್ಳೆಯ ಮದ್ದು.

ರೋಗ ಬೆಳೆದಂತೆ ನುಂಗುವುದು ಕಷ್ಟವಾಗುತ್ತದೆ. ಮಲಗಿಸಿ ಉಣಿಸಬಾರದು, ನೆಟ್ಟಗೆ ಕುಳ್ಳಿರಿಸಿ, ಗಟ್ಟಿ ಗಂಜಿಯಂಥದನ್ನು ಸಣ್ಣ ತುತ್ತಾಗಿ ಕೊಡಬೇಕು. ನಿನ್ನೆಯವರೆಗೆ ಇದ್ದಂತೆಯೇ ಇದ್ದವರು ಇಂದು ತಟ್ಟನೆ ಹೆಚ್ಚು ಗಲಿಬಿಲಿಗೊಂಡರೆ ಅದು ರೋಗದ ಏರಿಕೆಯೆಂದು ಸುಮ್ಮನಿರಬೇಡಿರಿ. ಮೂತ್ರದ ಸೋಂಕೋ, ಮಲಬದ್ಧತೆಯೋ, ಹಲ್ಲುನೋವೋ ಇರಬಹುದು. ಅವರು ಹೇಳಲಾರರು, ನಾವು ಹುಡುಕಬೇಕು.

ಆಸ್ತಿಯ ವ್ಯವಹಾರವಿದ್ದರೆ ರೋಗದ ಆರಂಭದಲ್ಲಿ, ಅವರಿಗೆ ತಿಳಿವು ಇರುವಾಗಲೇ, ಅವರ ಇಷ್ಟದಂತೆ ಮರಣಶಾಸನವನ್ನು ಬರೆಸುವುದು ಲೇಸು. ಒಮ್ಮೆ ಬರೆದುಕೊಟ್ಟ ಅಧಿಕಾರಪತ್ರ ಕೊನೆಯವರೆಗೂ ನಡೆಯುತ್ತದೆಂದು ಹಲವರು ತಿಳಿದಿದ್ದಾರೆ. 1872ರ ಕರಾರು ಕಾಯಿದೆಯ ಪ್ರಕಾರ ಬರೆದುಕೊಟ್ಟವರ ಬುದ್ಧಿ ಸ್ವಸ್ಥವಲ್ಲವೆಂದಾದಾಗ ಆ ಅಧಿಕಾರ ಮುಗಿಯುತ್ತದೆ. ಇನ್ನು ವಿವರವನ್ನು ವಕೀಲರಿಂದ ಕೇಳಿಕೊಳ್ಳಬೇಕು.

ನೋಡಿಕೊಳ್ಳುವವರ ವಿಷಯ ಹೇಳದೆ ಹೋದರೆ ಈ ಮಾತು ಅರ್ಧವಾಗುತ್ತದೆ. ಮಗನು ದುಬಾಯಿಯಲ್ಲಿ, ಇನ್ನೊಬ್ಬನು ಬೆಂಗಳೂರಿನಲ್ಲಿ. ಹಗಲು ರಾತ್ರಿ ಬಟ್ಟೆ ಬದಲಿಸುವವಳು ಸೊಸೆ. ಆಕೆಗೆ ಮದುವೆಮನೆಯಿಲ್ಲ, ಜಾತ್ರೆಯಿಲ್ಲ, ತುಂಬು ನಿದ್ದೆಯಿಲ್ಲ. 'ಪುಣ್ಯದ ಕೆಲಸ ಮಾಡುತ್ತಿದ್ದಿ' ಎಂದು ಹೊಗಳಿ ಹೋಗುವವರು ಬಹುಮಂದಿ. 'ನೀನು ಎರಡು ಗಂಟೆ ಮಲಗು, ನಾನು ಕುಳಿತಿರುತ್ತೇನೆ' ಎನ್ನುವವರು ಕಡಿಮೆ. ಹೊಗಳಿಕೆಯಿಂದ ನಿದ್ದೆ ಬರುವುದಿಲ್ಲ. ಮನಸ್ಸಿನ ಸಂಕಟ ಮಿತಿಮೀರಿದಾಗ ಮಾತಾಡಲು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಯುಂಟು. 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿ ಮಾತು ಬೇಕೆಂದು ಕೇಳಬಹುದು. ಕೇರಳದಲ್ಲಿ 2008ರಲ್ಲಿ ಬಂದ ನೀತಿಯ ಫಲವಾಗಿ ಪಂಚಾಯತುಗಳ ಮೂಲಕ ಉಪಶಮನ ಚಿಕಿತ್ಸೆಯ ನರ್ಸುಗಳು ಹಾಸಿಗೆ ಹಿಡಿದವರ ಮನೆಗೇ ಬರುತ್ತಾರೆ. ಇದು ಈ ರಾಜ್ಯದ ದೊಡ್ಡ ಗುಣ. ಗಡಿನಾಡ ಕನ್ನಡಿಗರಾದರೂ ನಾವು ಇದನ್ನು ಮನಸಾರೆ ಒಪ್ಪಬೇಕು. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿರಿ.

ಬರುವ ನರ್ಸು ಮಲೆಯಾಳವೊಂದನ್ನೇ ಬಲ್ಲವರಾಗಿರಬಹುದು. ಅದಕ್ಕಾಗಿಯೇ ಸಂಘದ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಪಡೆದು ನಾವು ಒಂದು ಹಾಳೆಯನ್ನು ಸಿದ್ಧಮಾಡಿಸಿದ್ದೇವೆ. ಅದಕ್ಕೆ 'ಬಾಳಿನ ಹಾಳೆ'ಯೆಂದು ಹೆಸರು. ಎಡಗಡೆ ಕನ್ನಡ, ಬಲಗಡೆ ಮಲೆಯಾಳ. ಹಿರಿಯರನ್ನು ಮನೆಯಲ್ಲಿ ಕರೆಯುವ ಹೆಸರು, ಅವರು ನೀರಿಗೆ, ಹಸಿವಿಗೆ, ನೋವಿಗೆ, ಮೂತ್ರಕ್ಕೆ, ಚಳಿಗೆ, ಹೆದರಿಕೆಗೆ ಆಡುವ ಶಬ್ದ ಯಾವುದು, ಆ ಶಬ್ದ ಮಲೆಯಾಳದ ಅಕ್ಷರದಲ್ಲಿ ಹೇಗೆ, ಯಾವ ಊಟ ಒಗ್ಗುತ್ತದೆ, ಏನು ಕೆಲಸ ಮಾಡಿ ಬದುಕಿದವರು, ಯಾವ ಹಾಡು ಕೇಳಿದರೆ ಶಾಂತರಾಗುತ್ತಾರೆ, ಯಾವುದಕ್ಕೆ ಹೆದರುತ್ತಾರೆ. ಇಷ್ಟನ್ನು ಮನೆಯವರು ತುಂಬಿಸಿ ಮಂಚದ ತಲೆಗಡೆಯ ಗೋಡೆಗೆ ಅಂಟಿಸಬೇಕು; ಆಸ್ಪತ್ರೆಗೆ ಹೋದರೆ ಒಂದು ಪ್ರತಿಯನ್ನು ಅಲ್ಲಿ ಕೊಡಬೇಕು. ಮಲೆಯಾಳದ ಭಾಗವನ್ನು ನಮ್ಮ ಶಾಲೆಯ ಮಲೆಯಾಳ ಅಧ್ಯಾಪಕರು ತಿದ್ದಿ ಕೊಟ್ಟರು. ತುಳು, ಹವ್ಯಕ, ಕೊಂಕಣಿ ಶಬ್ದಗಳನ್ನು ಹತ್ತನೆಯ ತರಗತಿಯ ಮಕ್ಕಳು ತಮ್ಮ ತಮ್ಮ ಮನೆಯ ಅಜ್ಜಿಯಂದಿರಿಂದ ಕೇಳಿ ಬರೆದುತಂದರು. ಮರಾಟಿ ಮತ್ತು ಬ್ಯಾರಿ ಭಾಷೆಯ ಶಬ್ದಗಳು ಇನ್ನೂ ಬರಬೇಕಾಗಿವೆ. ಬಲ್ಲವರು ಬರೆದುಕೊಟ್ಟರೆ ಉಪಕಾರವಾಗುತ್ತದೆ. ಹಾಗೆಯೇ ವಾರದಲ್ಲಿ ಎರಡು ಗಂಟೆ ರೋಗಿಯ ಬಳಿ ಕುಳಿತು, ಅವರ ಮಾತಿನಲ್ಲಿಯೇ ಮಾತಾಡಿಸಿ, ಮನೆಯವರಿಗೆ ಬಿಡುವು ಕೊಡಬಲ್ಲವರ ಹೆಸರನ್ನೂ ಬರೆದುಕೊಳ್ಳುತ್ತಿದ್ದೇವೆ. ನಿವೃತ್ತ ಉಪಾಧ್ಯಾಯರು ನಾಲ್ವರು ಈಗಾಗಲೇ ಹೆಸರು ಕೊಟ್ಟಿದ್ದಾರೆ.

ಹಾಳೆಗಳೂ ಹೆಸರಿನ ಪುಸ್ತಕವೂ ಬಾಗಿಲ ಬಳಿಯ ಮೇಜಿನ ಮೇಲಿವೆ. ಯಕ್ಷಗಾನ ಆರಂಭವಾಗುವುದಕ್ಕೆ ಇನ್ನೂ ಅರ್ಧ ಗಂಟೆಯುಂಟು. ಅಷ್ಟರ ತನಕ ನಾವು ಅಲ್ಲಿಯೇ ಇರುತ್ತೇವೆ.